ಕಡತದ ಪದರ, ಕಾರ್ಡಿನ ಪದರ

ರಾಣೆಬೆನ್ನೂರು ದಾಟಿ ಹರಿಹರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಳಗೇರಿಯ ಬಳಿ ಟೋಲ್‌ಗೇಟ್ ಇದೆ. ಬ್ಯಾಡಗಿಯ ಮಾರುಕಟ್ಟೆಯಿಂದ ಒಣಮೆಣಸಿನಕಾಯಿ ಹೇರಿಕೊಂಡು ಬೆಂಗಳೂರಿಗೆ ಹೊರಟ ಲಾರಿ ಅಲ್ಲಿ ಕ್ಷಣಕಾಲ ನಿಧಾನಿಸುತ್ತದೆ. ಅದರ ಮುಂಗಾಜಿನ ಒಳಬದಿಗೆ ಅಂಟಿಸಿದ ಸಣ್ಣ ಚೀಟಿಯೊಂದನ್ನು ಮೇಲಿನ ಚೌಕಟ್ಟಿನಲ್ಲಿರುವ ಯಂತ್ರ ಓದುತ್ತದೆ. ಅಡ್ಡಗೋಲು ಮೇಲೇಳುತ್ತದೆ, ಲಾರಿ ಮುಂದೆ ಸಾಗುತ್ತದೆ. ಚಾಲಕ ಕೈ ಚಾಚಬೇಕಾಗಿಲ್ಲ, ಚಿಲ್ಲರೆ ಎಣಿಸಬೇಕಾಗಿಲ್ಲ.

ಫಾಸ್ಟ್ಯಾಗ್ ಎಂದು ಎಲ್ಲರೂ ಬಲ್ಲ ಈ ಚೀಟಿಯೊಳಗೆ ಬ್ಯಾಟರಿಯಿಲ್ಲ, ಹಣವೂ ಇಲ್ಲ. ಅದರಲ್ಲಿರುವುದು ಒಂದು ಸಂಖ್ಯೆ, ವಾಹನ ಯಾವ ವರ್ಗದ್ದೆಂಬ ಗುರುತು ಮೊದಲಾದವು. ರೇಡಿಯೊ ಅಲೆಗಳ ಮೂಲಕ ಗುರುತು ಹಿಡಿಯುವ ಈ ವಿಧಾನಕ್ಕೆ ಆರ್‌ಎಫ್‌ಐಡಿ ಎಂಬ ಹೆಸರಿದೆ. ಬೆಂಗಳೂರಿನ ಮೆಟ್ರೊ ಕಾರ್ಡು, ಕಚೇರಿಯ ಬಾಗಿಲು ತೆರೆಯುವ ಕಾರ್ಡು, ಗ್ರಂಥಾಲಯದ ಪುಸ್ತಕದೊಳಗಿನ ಚೀಟಿ, ಬಟ್ಟೆ ಅಂಗಡಿಯ ಬೆಲೆಪಟ್ಟಿ ಎಲ್ಲವೂ ಇದೇ ಕುಲಕ್ಕೆ ಸೇರಿದವು. ಇವುಗಳ ಜಾಣ್ಮೆಯ ಕೀರ್ತಿಯೆಲ್ಲ ಒಳಗಿನ ಚಿಪ್ಪಿಗೆ ಸಲ್ಲುವುದು ವಾಡಿಕೆ. ಆದರೆ ಆ ಚಿಪ್ಪು ಮರಳಿನ ಕಣದಷ್ಟು ಕಿರಿದು. ಬರಿಗೈಯಲ್ಲಿ ಹಿಡಿದರೆ ಕಳೆದುಹೋಗುವಂಥದ್ದು, ಉಗುರು ತಾಗಿದರೆ ಒಡೆಯುವಂಥದ್ದು. ಅದು ಬಿಸಿಲು, ಮಳೆ, ಬೆವರು, ಕುಲುಕಾಟಗಳನ್ನು ತಾಳಿಕೊಂಡು ವರ್ಷಗಟ್ಟಲೆ ಸಾಕ್ಷಿ ಹೇಳುವಂತೆ ಮಾಡುವುದು ಅದರ ಮೇಲೆ ಕೆಳಗೆ ಇರುವ ಹಾಳೆಗಳು ಮತ್ತು ಅವುಗಳನ್ನು ಹಿಡಿದಿಡುವ ಅಂಟು. ಗುರುತನ್ನು ಪದರಗಳ ನಡುವೆ ಇಟ್ಟು ಕಾಪಾಡುವ ಈ ಕೌಶಲ ಕನ್ನಡ ನಾಡಿಗೆ ಹೊಸದೇನಲ್ಲ.

ಹೊಳೆದಂಡೆಯ ಲೆಕ್ಕ

ಚಳಗೇರಿಯಂತೆ ಐರಣಿಯೂ ರಾಣೆಬೆನ್ನೂರು ತಾಲ್ಲೂಕಿನ ಊರು. ತುಂಗಭದ್ರೆಯ ದಂಡೆಯ ಈ ಊರಿಗೆ ಹಳೆಯ ಕೋಟೆಯಿದೆ, ಹೊಳೆಮಠವಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೂ ಹೊಳೆಯ ಈ ದಂಡೆ ಮುಂಬಯಿಗೆ ಸೇರಿತ್ತು, ಆಚೆ ದಂಡೆ ಮೈಸೂರಿಗೆ ಸೇರಿತ್ತು. ಹೀಗೆ ಎರಡು ಆಡಳಿತಗಳು ಮುಖಾಮುಖಿಯಾಗುವ ಗಡಿಯಲ್ಲಿ ಯಾರ ಸರಕು, ಎಷ್ಟು ಹೇರು, ಸುಂಕ ಸಂದಿದೆಯೇ ಎಂಬ ಪ್ರಶ್ನೆಗಳು ಸಹಜವಾಗಿ ಏಳುತ್ತವೆ.

ಪ್ರಶ್ನೆ ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಎತ್ತಿನ ಮೇಲೆ ಬಂದ ಸರಕನ್ನು ಹೇರಿನ ಲೆಕ್ಕದಲ್ಲಿ ಎಣಿಸುತ್ತಿದ್ದರು. ಅದನ್ನು ನೋಡಿಕೊಳ್ಳಲು ಸುಂಕವೆರ್ಗಡೆ ಎಂಬ ಅಧಿಕಾರಿಯಿದ್ದ. ದೇವಾಲಯಕ್ಕೋ ಮಠಕ್ಕೋ ಸುಂಕದ ಆದಾಯವನ್ನು ಬಿಟ್ಟುಕೊಟ್ಟರೆ ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕಲ್ಲು ನಿಂತಲ್ಲೇ ನಿಲ್ಲುತ್ತದೆ. ಹಕ್ಕುದಾರ ತನ್ನ ಬಳಿ ಇಟ್ಟುಕೊಳ್ಳಬಹುದಾದ ಪತ್ರ ಬೇಕೆಂದರೆ ತಾಮ್ರಶಾಸನ ಬೇಕಾಗುತ್ತಿತ್ತು.

ತಾಮ್ರಶಾಸನದ ರಚನೆಯನ್ನು ಗಮನಿಸಿದರೆ ಇಂದಿನ ಕಾರ್ಡಿನ ತರ್ಕ ಅಲ್ಲಿಯೇ ಕಾಣಿಸುತ್ತದೆ. ಸಾಮಾನ್ಯವಾಗಿ ಮೂರೋ ಐದೋ ತಗಡುಗಳು ಇರುತ್ತವೆ. ಮೊದಲನೆಯ ಮತ್ತು ಕೊನೆಯ ತಗಡುಗಳ ಹೊರಮೈಯನ್ನು ಹೆಚ್ಚಾಗಿ ಖಾಲಿ ಬಿಟ್ಟು, ಒಳಮೈಗಳಲ್ಲಿ ಮಾತ್ರ ಬರೆಯುತ್ತಿದ್ದರು. ಅನೇಕ ತಗಡುಗಳ ಅಂಚನ್ನು ತುಸು ಎತ್ತರಿಸಿ, ಒಂದರ ಅಕ್ಷರ ಇನ್ನೊಂದಕ್ಕೆ ಉಜ್ಜದಂತೆ ಮಾಡಿರುತ್ತಾರೆ. ಎಲ್ಲಕ್ಕೂ ಒಂದೇ ರಂಧ್ರ, ಅದರ ಮೂಲಕ ಒಂದು ಬಳೆ, ಬಳೆಯ ಎರಡೂ ತುದಿಗಳು ಸೇರುವಲ್ಲಿ ರಾಜಮುದ್ರೆ. ಬಾದಾಮಿ ಚಾಲುಕ್ಯರದಾದರೆ ಅದರ ಮೇಲೆ ವರಾಹವಿರುತ್ತದೆ. ಬಳೆಯನ್ನು ಕತ್ತರಿಸದೆ ತಗಡು ಬದಲಿಸಲು ಬಾರದು, ಕತ್ತರಿಸಿದರೆ ಕಣ್ಣಿಗೆ ಬೀಳುತ್ತದೆ. ಒಳಗಿನದನ್ನು ಹೊರಗಿನ ಪದರ ಕಾಯಬೇಕು, ಕೈ ಹಾಕಿದವನ ಕಳವು ಬಯಲಾಗಬೇಕು. ಈ ಎರಡು ನಿಯಮಗಳನ್ನು ಇಂದಿಗೂ ಗುರುತು ಕಾರ್ಡು ತಯಾರಿಸುವವರು ಪಾಲಿಸುತ್ತಾರೆ.

ಹುಣಸೆ ಬೀಜದ ಸರಿ

ತಾಮ್ರ ದುಬಾರಿ. ದಿನನಿತ್ಯದ ಲೆಕ್ಕಕ್ಕೆ ಶಾನುಭೋಗರೂ ವ್ಯಾಪಾರಿಗಳೂ ಬಳಸಿದ್ದು ಕಡತವನ್ನು. ಇಂದು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತಾರೆ, ‘ಕಡತ ವಿಲೇವಾರಿ’ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಆದರೆ ಆ ಪದ ಮೂಲತಃ ಒಂದು ವಸ್ತುವಿನ ಹೆಸರು ಎಂಬುದು ಹೆಚ್ಚಿನವರಿಗೆ ಮರೆತಿದೆ.

ಕಡತವೆಂದರೆ ಅರಿವೆಯ ಪುಸ್ತಕ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿದ ಲೇಪವನ್ನು ಎರಡೂ ಬದಿಗೆ ಬಳಿದು ಒಣಗಿಸಿದರೆ ಅದು ಗಟ್ಟಿಯಾದ ಕಪ್ಪು ಹಲಗೆಯಂತಾಗುತ್ತದೆ. ಅದನ್ನು ಹಿಂದುಮುಂದಾಗಿ ಮಡಿಸಿ, ತುದಿಗಳಿಗೆ ರಕ್ಷೆ ಹಾಕಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ಈ ಪುಸ್ತಕವನ್ನು ವರ್ಣಿಸಿದ್ದಾನೆ. ಅವನ ಲೆಕ್ಕದಂತೆ ಪಟ್ಟಿಯ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಭಾರತೀಯರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಬರೆಯುತ್ತಾರೆ ಎಂದಿದ್ದುದನ್ನೂ ವಿಲ್ಕ್ಸ್ ಇದಕ್ಕೆ ತಳಕು ಹಾಕಿದ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಉಳಿದುಬಂದಿದ್ದು, ಅವುಗಳಿಂದ ಆಯ್ದ ಭಾಗಗಳು ಪ್ರಕಟವಾಗಿ ಇತಿಹಾಸಕಾರರಿಗೆ ಆಕರವಾಗಿವೆ.

ಲೇಪವನ್ನು ಎರಡೂ ಬದಿಗೆ ಬಳಿಯುತ್ತಿದ್ದುದರಲ್ಲಿ ಬರವಣಿಗೆಯ ಅನುಕೂಲವಷ್ಟೇ ಅಲ್ಲ, ಇನ್ನೊಂದು ಪ್ರಯೋಜನವೂ ಇತ್ತು. ಒಂದೇ ಬದಿಗೆ ಅಂಟು ಬಳಿದ ಬಟ್ಟೆ ಒಣಗುವಾಗ ಆ ಬದಿಗೆ ಸುರುಳಿಯಾಗುತ್ತದೆ. ಎರಡೂ ಕಡೆ ಸಮನಾದ ಎಳೆತವಿದ್ದರೆ ಮಾತ್ರ ಹಾಳೆ ಚಪ್ಪಟೆಯಾಗಿ ನಿಲ್ಲುತ್ತದೆ. ಪ್ಲೈವುಡ್ ಮಾಡುವವರಿಗೂ ಬ್ಯಾಂಕ್ ಕಾರ್ಡು ಮಾಡುವವರಿಗೂ ಇದು ಇಂದಿನ ಮೊದಲ ಪಾಠ.

ಹುಣಸೆ ಬೀಜದ ಹಿಟ್ಟು ಕುದಿಸಿದಾಗ ಅಂಟಾಗುತ್ತದೆ, ಒಣಗಿದಾಗ ಪೊರೆ ಕಟ್ಟುತ್ತದೆ. ರಾಣೆಬೆನ್ನೂರು ಸೀಮೆಯ ಕುರುಬರಿಗೆ ಈ ಗುಣ ಚೆನ್ನಾಗಿ ಗೊತ್ತು. ತಾಲ್ಲೂಕಿನ ಮೆಡ್ಲೇರಿ ಕಂಬಳಿ ನೇಕಾರಿಕೆಗೆ ಹೆಸರಾದ ಊರು. ಕಂಬಳಿ ನೇಯುವವರು ಹಾಸಿನ ಉಣ್ಣೆ ನೂಲಿಗೆ ಹುಣಸೆ ಬೀಜದ ಸರಿಯನ್ನು ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ನೂಲಿನ ಎಳೆಗಳು ಒಂದಕ್ಕೊಂದು ಹತ್ತಿಕೊಂಡು ಮಗ್ಗದ ಉಜ್ಜಾಟವನ್ನು ತಾಳುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ತುಂಡುಗಳನ್ನು ಜೋಡಿಸಿ, ಮೇಲೆ ಚಿಂದಿಯ ಪದರ ಕೊಡುವಾಗ ಬಳಸುವುದೂ ಇದೇ ಅಂಟನ್ನು.

ಗಂಜೀಫಾ ಎಲೆಗಳನ್ನು ಇಲ್ಲಿ ನೆನೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ಹೊಸ ಕ್ರಮಗಳನ್ನು ಹೊಂದಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಅರಮನೆಯ ಎಲೆಗಳು ದಂತದವಾದರೆ, ಸಾಮಾನ್ಯರ ಎಲೆಗಳು ಬಟ್ಟೆ ಅಥವಾ ಕಾಗದದ ಪದರಗಳನ್ನು ಅಂಟಿಸಿ, ಉಜ್ಜಿ ನಯಮಾಡಿ, ಬಣ್ಣ ಬರೆದು, ಅರಗಿನ ಮೆರುಗು ಕೊಟ್ಟವು. ಆಟದ ಎಲೆಗೆ ಒಂದು ಕಟ್ಟುಪಾಡಿದೆ: ಎದುರಾಳಿಗೆ ಕಾಣುವ ಬೆನ್ನು ಎಲ್ಲ ಎಲೆಗಳಲ್ಲೂ ಒಂದೇ ತೆರನಾಗಿರಬೇಕು, ಮೂಲೆ ಮುದುಡಿದರೂ ಗುಟ್ಟು ರಟ್ಟಾಗುತ್ತದೆ. ಗುರುತನ್ನು ಒಳಗಿಟ್ಟುಕೊಂಡು ಹೊರಗೆ ಏನನ್ನೂ ತೋರಗೊಡದ ಕಾರ್ಡು ಅಂದೇ ಇತ್ತು.

ಕಡತಕ್ಕೂ ಗಂಜೀಫಾ ಎಲೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು, ಲೇಪ ಉದುರಿದರೆ ಹೊಸದಾಗಿ ಬಳಿಯಬಹುದಿತ್ತು. ಇದೇ ಅದರ ಅನುಕೂಲ, ಇದೇ ಅದರ ದೋಷ. ಒರೆಸಲು ಬರುವ ಲೆಕ್ಕವನ್ನು ತಿದ್ದಲೂ ಬರುತ್ತದೆ. ರೈತನ ಬಾಕಿ ಎಷ್ಟೆಂಬುದು ಬರೆದವರ ನಿಯತ್ತಿನ ಮೇಲೆ ನಿಂತಿತ್ತು.

ಇಸ್ತ್ರಿಪೆಟ್ಟಿಗೆಯ ಉಪಕಾರ

ಇಪ್ಪತ್ತನೆಯ ಶತಮಾನದಲ್ಲಿ ಹುಣಸೆ ಸರಿಯ ಜಾಗಕ್ಕೆ ರಾಸಾಯನಿಕ ಅಂಟುಗಳೂ ಅರಿವೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಗಳೂ ಬಂದವು. 1935ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ಸ್ವಯಂ ಅಂಟುವ ಚೀಟಿಯನ್ನು ಮಾರುಕಟ್ಟೆಗೆ ತಂದ. ಇಂಥ ಚೀಟಿಯ ಹಿಂದೆ ಜಾರುವ ಮೈಯ ಕಾಗದವೊಂದಿರುತ್ತದೆ. ಅದನ್ನು ಸುಲಿದು ಒತ್ತಿದರೆ ಸಾಕು, ನೀರೂ ಬೇಡ ಬಿಸಿಯೂ ಬೇಡ. ಇಂದು ಔಷಧದ ಸೀಸೆಯಿಂದ ಶಾಲೆಯ ನೋಟ್‌ಬುಕ್ಕಿನವರೆಗೆ ಎಲ್ಲೆಡೆ ಇರುವ ಈ ಚೀಟಿಯೇ ಫಾಸ್ಟ್ಯಾಗಿನ ಹಿರಿಯಣ್ಣ.

ಕಾರ್ಡಿನ ಕಥೆಯಲ್ಲಿ ಇಸ್ತ್ರಿಪೆಟ್ಟಿಗೆಯ ಪಾತ್ರವಿದೆ. 1960ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ ಗುರುತು ಕಾರ್ಡಿಗೆ ಕಾಂತಪಟ್ಟಿಯನ್ನು ಅಂಟಿಸಲು ಹೆಣಗುತ್ತಿದ್ದ. ಯಾವ ಅಂಟು ಹಚ್ಚಿದರೂ ಪಟ್ಟಿ ಸುರುಟುತ್ತಿತ್ತು ಅಥವಾ ಅದರ ಗುಣ ಕೆಡುತ್ತಿತ್ತು. ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅವನ ಹೆಂಡತಿ ಅದೇ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ನೋಡೋಣವೆಂದಳಂತೆ. ಶಾಖ ಮತ್ತು ಒತ್ತಡ ಒಟ್ಟಿಗೆ ಸೇರಿದಾಗ ಪಟ್ಟಿ ಹತ್ತಿಕೊಂಡಿತು. ಅಂದಿನಿಂದ ಕಾರ್ಡು ಉದ್ಯಮ ಆ ಎರಡನ್ನೂ ಬಿಟ್ಟಿಲ್ಲ.

ರೇಡಿಯೊ ಗುರುತಿನ ಹುಟ್ಟು ಬೇರೆಡೆ ಆಯಿತು. 1945ರಲ್ಲಿ ಸೋವಿಯತ್ ಮಕ್ಕಳು ಮಾಸ್ಕೊದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ರಾಷ್ಟ್ರಲಾಂಛನವೊಂದನ್ನು ಕಾಣಿಕೆ ಕೊಟ್ಟರು. ಅದರೊಳಗೆ ಲಿಯೋನ್ ಥೆರೆಮಿನ್ ರೂಪಿಸಿದ ಕದ್ದು ಕೇಳುವ ಸಾಧನವಿತ್ತು. ಬ್ಯಾಟರಿಯೂ ತಂತಿಯೂ ಇಲ್ಲದ ಅದು ಹೊರಗಿನಿಂದ ರೇಡಿಯೊ ಅಲೆ ಬಿದ್ದಾಗ ಮಾತ್ರ ಎಚ್ಚರಗೊಳ್ಳುತ್ತಿತ್ತು. 1952ರವರೆಗೂ ಅದು ಯಾರಿಗೂ ಸಿಗಲಿಲ್ಲ. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್ ಪ್ರತಿಫಲಿಸಿದ ಅಲೆಗಳಿಂದಲೇ ಸಂದೇಶ ಕಳುಹಿಸುವ ಬಗೆಯನ್ನು ಕುರಿತು ಪ್ರಬಂಧ ಬರೆದ. 1971ರಲ್ಲಿ ಮಾರಿಯೊ ಕಾರ್ಡುಲ್ಲೊ ನೆನಪಿನ ಶಕ್ತಿಯುಳ್ಳ ಗುರುತಿನ ಸಾಧನವನ್ನು ನ್ಯೂಯಾರ್ಕಿನ ಬಂದರು ಪ್ರಾಧಿಕಾರಕ್ಕೆ ತೋರಿಸಿದ. ಅವನಿಗೆ 1973ರಲ್ಲಿ ಪೇಟೆಂಟ್ ದೊರೆಯಿತು. ಅವನ ಮನಸ್ಸಿನಲ್ಲಿದ್ದ ಉಪಯೋಗಗಳಲ್ಲಿ ಒಂದು ರಸ್ತೆ ಸುಂಕದ ವಸೂಲಿ ಎಂಬುದು ಸ್ವಾರಸ್ಯದ ಸಂಗತಿ. ಅದೇ ವರ್ಷ ಚಾರ್ಲ್ಸ್ ವಾಲ್ಟನ್ ಬೀಗದ ಕೈಯಿಲ್ಲದೆ ಬಾಗಿಲು ತೆರೆಯುವ ಕಾರ್ಡಿಗೆ ಪೇಟೆಂಟ್ ಪಡೆದ.

ಇಷ್ಟೆಲ್ಲ ಆದರೂ ಈ ಸಾಧನ ಚೀಟಿಯ ರೂಪಕ್ಕೆ ಇಳಿದು ಅಗ್ಗವಾಗಲು ಇನ್ನೂ ಮೂರು ದಶಕ ಬೇಕಾಯಿತು. 1999ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಜಯ್ ಶರ್ಮ ಮತ್ತು ಸಂಗಡಿಗರು ಆರಂಭಿಸಿದ ಆಟೊ-ಐಡಿ ಕೇಂದ್ರ ಒಂದು ಸರಳ ವಿಚಾರವನ್ನು ಮುಂದಿಟ್ಟಿತು: ಚೀಟಿಯಲ್ಲಿ ಸಂಖ್ಯೆ ಮಾತ್ರ ಇರಲಿ, ಮಿಕ್ಕ ವಿವರವೆಲ್ಲ ಕಂಪ್ಯೂಟರ್ ಜಾಲದಲ್ಲಿರಲಿ. ಚಿಪ್ಪು ಚಿಕ್ಕದಾಯಿತು, ಬೆಲೆ ಇಳಿಯಿತು.

ಭಾರತ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಈ ಕೆಲಸಕ್ಕೆ ಬಳಸಲು ಬಿಟ್ಟುಕೊಟ್ಟಿತು. ಹೆದ್ದಾರಿ ಸುಂಕಕ್ಕೆ ಯಾವ ವಿಧಾನ ಹೊಂದುತ್ತದೆಂದು ಹೇಳಲು ನೇಮಕವಾದ ಬೆಂಗಳೂರಿನ ನಂದನ್ ನಿಲೇಕಣಿ ಅವರ ಸಮಿತಿ 2010ರಲ್ಲಿ ಬ್ಯಾಟರಿಯಿಲ್ಲದ ಅಗ್ಗದ ಚೀಟಿಯನ್ನೇ ಶಿಫಾರಸು ಮಾಡಿತು. 2014ರಲ್ಲಿ ಫಾಸ್ಟ್ಯಾಗ್ ಬಂತು. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ಎಲ್ಲ ಗೇಟುಗಳಲ್ಲಿ ಕಡ್ಡಾಯವಾಯಿತು.

ಚೀಟಿಯ ಒಡಲು

ಇಂಥ ಚೀಟಿಯನ್ನು ಪದರ ಪದರವಾಗಿ ಬಿಡಿಸಿ ನೋಡಿದರೆ ಅದರ ಕೆಲಸ ತಿಳಿಯುತ್ತದೆ. ಎಲ್ಲಕ್ಕೂ ನಡುವೆ ಇರುವುದು ಪಾಲಿಯೆಸ್ಟರ್ ಪೊರೆ. ಸಾಮಾನ್ಯವಾಗಿ ಅದರ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಅದರ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ, ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸಿ ತೆಗೆದರೆ ಉಳಿಯುವುದು ಆಂಟೆನಾ. ಬೆಳ್ಳಿಯ ಕಣಗಳಿರುವ ಶಾಯಿಯಿಂದ ಆಂಟೆನಾವನ್ನು ಅಚ್ಚು ಹಾಕುವ ಕ್ರಮವೂ ಇದೆ. ಟೋಲ್‌ಗೇಟಿನ ರೇಡಿಯೊ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಅದಕ್ಕೆ ಹೊಂದುವ ಆಂಟೆನಾ ಅದರ ಅರ್ಧದಷ್ಟಾದರೂ ಇರಬೇಕು. ಅಷ್ಟುದ್ದದ ಚೀಟಿ ಗಾಜಿನ ಮೇಲೆ ಅಡ್ಡಿಯಾಗುವುದರಿಂದ ಗೆರೆಯನ್ನು ಹಾವಿನಂತೆ ಬಳುಕಿಸಿ ಗಿಡ್ಡ ಮಾಡುತ್ತಾರೆ.

ಆಂಟೆನಾದ ನಡುವೆ ಚಿಪ್ಪನ್ನು ಕೂರಿಸುವುದು ಅತ್ಯಂತ ಸೂಕ್ಷ್ಮವಾದ ಕೆಲಸ. ಅದರ ಬದಿ ಒಂದು ಮಿಲಿಮೀಟರಿಗಿಂತ ಕಡಿಮೆ. ಇಲ್ಲಿ ಬೆಸುಗೆ ಹಾಕಲಾಗದು, ಪಾಲಿಯೆಸ್ಟರ್ ಕರಗೀತು. ಅದಕ್ಕೆ ಬದಲಾಗಿ ಲೋಹದ ಅತಿ ಸಣ್ಣ ಗುಂಡುಗಳು ಬೆರೆತ ವಿಶೇಷ ಅಂಟನ್ನು ಬಳಸುತ್ತಾರೆ. ಚಿಪ್ಪನ್ನು ಕವುಚಿಟ್ಟು ಬಿಸಿಯಾಗಿ ಒತ್ತಿದಾಗ ಮೇಲಿನಿಂದ ಕೆಳಕ್ಕೆ ಮಾತ್ರ ಗುಂಡುಗಳು ಒಂದಕ್ಕೊಂದು ತಾಗುತ್ತವೆ, ಅಕ್ಕಪಕ್ಕದಲ್ಲಿ ಬಿಡಿಯಾಗಿಯೇ ಉಳಿಯುತ್ತವೆ. ಹಾಗಾಗಿ ವಿದ್ಯುತ್ತು ಚಿಪ್ಪಿನಿಂದ ಆಂಟೆನಾಕ್ಕೆ ಹರಿಯುತ್ತದೆ, ಒಂದು ತುದಿಯಿಂದ ಪಕ್ಕದ ತುದಿಗೆ ಹರಿಯುವುದಿಲ್ಲ. ಹಿಡಿದುಕೊಳ್ಳುವುದೂ ಅಂಟೇ, ದಾರಿ ಕೊಡುವುದೂ ಅಂಟೇ.

ಇದರ ಒಂದು ಬದಿಗೆ ಹೆಸರು, ಸಂಖ್ಯೆ, ಗೆರೆಸಂಕೇತ ಅಚ್ಚಾಗುವ ಮುಖದ ಹಾಳೆ, ಇನ್ನೊಂದು ಬದಿಗೆ ಗಾಜಿಗೆ ಹತ್ತುವ ಅಂಟು ಮತ್ತು ಅದನ್ನು ಮುಚ್ಚಿದ ಸುಲಿಯುವ ಕಾಗದ. ಮುಂಗಾಜಿನ ಚೀಟಿಯಲ್ಲಿ ಇನ್ನೂ ಒಂದು ಉಪಾಯವಿದೆ. ಹಾಳೆಯಲ್ಲಿ ಅಲ್ಲಲ್ಲಿ ಸೀಳುಗಳನ್ನು ಕೊಟ್ಟಿರುತ್ತಾರೆ, ಕೆಲವೆಡೆ ಅಂಟು ಬಿಗಿಯಾಗಿಯೂ ಕೆಲವೆಡೆ ಸಡಿಲಾಗಿಯೂ ಹಿಡಿಯುವಂತೆ ಮಾಡಿರುತ್ತಾರೆ. ಒಮ್ಮೆ ಅಂಟಿಸಿದ್ದನ್ನು ಕೀಳಹೋದರೆ ಆಂಟೆನಾದ ಒಂದು ಭಾಗ ಕೈಗೆ ಬರುತ್ತದೆ, ಇನ್ನೊಂದು ಭಾಗ ಗಾಜಿನಲ್ಲೇ ಉಳಿಯುತ್ತದೆ. ಕಾರಿನ ಚೀಟಿಯನ್ನು ಲಾರಿಗೆ ಹಚ್ಚಿ ಕಡಿಮೆ ಸುಂಕ ಕಟ್ಟುವ ಚಾಲಾಕಿಗೆ ಇದು ತಡೆ. ತಾಮ್ರಶಾಸನದ ಬಳೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ದುರ್ಬಲವಾದ ಪದರವೊಂದು ಮಾಡುತ್ತದೆ.

ಬೆಸೆದ ಕಾರ್ಡು

ಕಾರ್ಡಿನ ಸಂಗತಿ ಸ್ವಲ್ಪ ಬೇರೆ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ‘ನಮ್ಮ ಮೆಟ್ರೊ’ ಓಡತೊಡಗಿದಾಗ ಪ್ರಯಾಣಿಕರ ಕೈಗೆ ಬಂದ ಕಾರ್ಡು ಮತ್ತು ದುಂಡು ಬಿಲ್ಲೆಗಳು ಹತ್ತಿರದಿಂದ ಓದುವಂಥವು. ಈ ಜಾತಿಯ ಕಾರ್ಡು 13.56 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ, ಓದುವ ದೂರ ಸುಮಾರು ಹತ್ತು ಸೆಂಟಿಮೀಟರಿನೊಳಗೆ. ಇದರಲ್ಲಿರುವುದು ಬಳುಕುವ ಗೆರೆಯಲ್ಲ, ಅಂಚಿನುದ್ದಕ್ಕೂ ಕೆಲವು ಸುತ್ತು ಹಾಕಿದ ತಂತಿಸುರುಳಿ. ಓದುವ ಯಂತ್ರದ ಕಾಂತಕ್ಷೇತ್ರ ಈ ಸುರುಳಿಯೊಳಗೆ ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮವೇ ಇಂದು ಮೆಟ್ರೊ ನಿಲ್ದಾಣದ ಬಾಗಿಲು ತೆರೆಯುತ್ತಿದೆ.

ಕಾರ್ಡಿನ ಅಳತೆ ಜಗತ್ತಿನಾದ್ಯಂತ ಒಂದೇ: ಉದ್ದ 85.60 ಮಿಲಿಮೀಟರ್, ಅಗಲ 53.98 ಮಿಲಿಮೀಟರ್, ದಪ್ಪ 0.76 ಮಿಲಿಮೀಟರ್. ಈ ತೆಳು ದಪ್ಪದಲ್ಲಿಯೇ ಐದೋ ಏಳೋ ಹಾಳೆಗಳಿರುತ್ತವೆ. ನಡುವಿನ ಹಾಳೆಯಲ್ಲಿ ಚಿಪ್ಪಿನ ಗಾತ್ರಕ್ಕೆ ಸರಿಯಾಗಿ ಕಿಂಡಿ ಕೊರೆಯುತ್ತಾರೆ. ಹಾಗೆ ಮಾಡದಿದ್ದರೆ ಆ ಜಾಗ ಉಬ್ಬಿ, ಒತ್ತಡವೆಲ್ಲ ಚಿಪ್ಪಿನ ಮೇಲೆಯೇ ಬೀಳುತ್ತದೆ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಶ್ರವಣಾತೀತ ಕಂಪನದಿಂದ ಪ್ಲಾಸ್ಟಿಕ್ಕಿನೊಳಗೆ ಹೂಳುತ್ತಾರೆ. ಮೇಲೆ ಕೆಳಗೆ ಅಚ್ಚಾದ ಹಾಳೆಗಳು, ಅವುಗಳ ಮೇಲೆ ಪಾರದರ್ಶಕ ಹಾಳೆಗಳು. ಕಡತದ ಪಾಠದಂತೆ ಎರಡೂ ಬದಿ ಸಮನಾಗಿರಬೇಕು.

ಅನೇಕ ಕಾರ್ಡುಗಳಾಗುವಷ್ಟು ದೊಡ್ಡ ಹಾಳೆಗಳನ್ನು ಕನ್ನಡಿಯಂತೆ ಹೊಳಪಿಸಿದ ಉಕ್ಕಿನ ತಗಡುಗಳ ನಡುವೆ ಇಟ್ಟು ಬಿಸಿ ಒತ್ತುಯಂತ್ರಕ್ಕೆ ಕೊಡುತ್ತಾರೆ. ಪಿವಿಸಿ ಹಾಳೆ ಮೆತ್ತಗಾಗಿ ಒಂದರೊಳಗೊಂದು ಬೆಸೆಯುತ್ತದೆ. ಅನಂತರ ಒತ್ತಡ ಬಿಡದೆಯೇ ತಣಿಸಬೇಕು, ಅವಸರಪಟ್ಟರೆ ಕಾರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಪಿವಿಸಿ ಸುಮಾರು 75-80 ಡಿಗ್ರಿ ಶಾಖಕ್ಕೇ ಮೆದುವಾಗತೊಡಗುವುದರಿಂದ, ಹೆಚ್ಚು ಬಾಳಿಕೆ ಬೇಕಾದ ಕಡೆ ಪಾಲಿಕಾರ್ಬೊನೇಟ್ ಬಳಸುತ್ತಾರೆ. ಅದರ ಹಾಳೆಗಳು ಅಂಟಿಲ್ಲದೆಯೇ ಸೇರಿ ಒಂದೇ ಗಟ್ಟಿಯಾಗುತ್ತವೆ, ಬಿಡಿಸಲು ಪದರವೇ ಉಳಿದಿರುವುದಿಲ್ಲ. ಹೆಸರನ್ನೂ ಭಾವಚಿತ್ರವನ್ನೂ ಲೇಸರ್ ಕಿರಣ ಒಳಗಿನ ಪದರದಲ್ಲಿಯೇ ಸುಟ್ಟು ಬರೆಯುತ್ತದೆ. ಭಾರತದ ಇ-ಪಾಸ್‌ಪೋರ್ಟಿನಲ್ಲಿ ಚಿಪ್ಪು ಮತ್ತು ಆಂಟೆನಾ ರಕ್ಷಾಪುಟದ ಪದರಗಳ ನಡುವೆ ಅಡಗಿವೆ.

ಕೆಟ್ಟದ್ದು ಯಾವುದು, ತೆರುವವರು ಯಾರು

ಇಷ್ಟು ಜಾಣ್ಮೆಯಿಂದ ಕಟ್ಟಿದ್ದಕ್ಕೂ ಮಿತಿಗಳಿವೆ. ದೂರದಿಂದ ಓದುವ ಚೀಟಿಗೆ ಲೋಹ ಮತ್ತು ನೀರು ಎರಡೂ ವೈರಿಗಳು. ಲೋಹ ಅಲೆಯನ್ನು ಹಿಂದಕ್ಕೆ ಎಸೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಮೆಣಸಿನಕಾಯಿ ಚೀಲಕ್ಕೆ ಕಟ್ಟಿದ ಚೀಟಿ ಸುಲಭವಾಗಿ ಓದಿಸಿಕೊಂಡೀತು, ಎಣ್ಣೆಯ ಡಬ್ಬಕ್ಕೆ ನೇರ ಹಚ್ಚಿದರೆ ಮೂಕವಾಗುತ್ತದೆ. ಕೆಲವು ಕಾರುಗಳ ಮುಂಗಾಜಿನಲ್ಲಿ ಬಿಸಿಲು ತಡೆಯಲು ಲೋಹದ ಲೇಪವಿರುತ್ತದೆ, ಅಲ್ಲಿಯೂ ಇದೇ ತೊಂದರೆ. ಗುರುತಿನ ಕಾರ್ಡನ್ನು ಕೊರಳಿಗೆ ತೂಗಿಸಲು ಅಂಚಿನಲ್ಲಿ ತೂತು ಹೊಡೆಯುವವರು ಅಲ್ಲಿ ತಂತಿಸುರುಳಿ ಇದೆಯೆಂದು ಅರಿಯರು. ಹಿಂದಿನ ಜೇಬಿನಲ್ಲಿ ಇಟ್ಟು ಕೂತರೆ ಚಿಪ್ಪು ಮತ್ತು ತಂತಿ ಸೇರುವ ಜಾಗ ಬಿರುಕು ಬಿಡುತ್ತದೆ. ಇವುಗಳಲ್ಲಿ ಯಾವುದೂ ಹೊರಗೆ ಕಾಣಿಸುವುದಿಲ್ಲ. ಕಾರ್ಡು ಹೊಸದರಂತೆಯೇ ಹೊಳೆಯುತ್ತಿರುತ್ತದೆ.

ಮುಖ್ಯವಾದ ಪ್ರಶ್ನೆ ಇಲ್ಲಿದೆ. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ, ಚೀಟಿ ಇಲ್ಲದ ಅಥವಾ ಕೆಲಸ ಮಾಡದ ವಾಹನ ಎರಡು ಪಟ್ಟು ಶುಲ್ಕ ಕೊಡಬೇಕೆಂದಾಯಿತು. 2025ರ ನವೆಂಬರ್ 15ರಿಂದ, ಅಂಥವರು ಯುಪಿಐ ಮೂಲಕ ಪಾವತಿಸಿದರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದು ನಿಯಮ ಬದಲಾಯಿತು. ಚೀಟಿಯನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವವರ ಫಾಸ್ಟ್ಯಾಗನ್ನು ಕಪ್ಪುಪಟ್ಟಿಗೆ ಸೇರಿಸಲು ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಸೂಚಿಸಿತು. ಅಂಟಿನ ಪದರವನ್ನು ಬಳಸದಿದ್ದರೆ ಇಡೀ ಏರ್ಪಾಡೇ ಕುಸಿಯುತ್ತದೆ ಎಂಬುದಕ್ಕೆ ಈ ಸೂಚನೆಯೇ ಸಾಕ್ಷಿ.

ಇನ್ನೊಂದು ನಿಯಮವೂ ಇದೆ, ಅದನ್ನು ಬಲ್ಲವರು ಕಡಿಮೆ. 2018ರ ಮೇ ತಿಂಗಳಿನ ತಿದ್ದುಪಡಿಯ ಪ್ರಕಾರ, ಚೀಟಿ ಸರಿಯಿದ್ದು, ಖಾತೆಯಲ್ಲಿ ಹಣವಿದ್ದು, ಟೋಲ್‌ಗೇಟಿನ ಯಂತ್ರವೇ ಕೆಲಸ ಮಾಡದಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಟ್ಟು, ಶೂನ್ಯ ಮೊತ್ತದ ರಸೀದಿ ಕೊಡಬೇಕು. ನ್ಯಾಯವಾದ ನಿಯಮವೇ ಸರಿ. ಆದರೆ ಅಡ್ಡಗೋಲು ಏಳದೆ, ಹಿಂದೆ ಹತ್ತು ಗಾಡಿಗಳು ಹಾರನ್ ಹೊಡೆಯುತ್ತಿರುವಾಗ, ಕೆಟ್ಟದ್ದು ಚೀಟಿಯೋ ಯಂತ್ರವೋ ಎಂದು ಹೇಳುವವರು ಯಾರು? ಪದರಗಳೊಳಗೆ ಏನಾಗಿದೆಯೆಂದು ಚಾಲಕನಿಗೆ ಕಾಣದು. ಅದನ್ನು ಓದಬಲ್ಲ ಸಾಧನ ಗೇಟಿನವರ ಬಳಿ ಮಾತ್ರ ಇದೆ. ಕೆಲವು ಗೇಟುಗಳ ಮುಂದೆ ಚೀಟಿ ಮೂಕವಾದರೂ ಮುಂದಿನ ಗೇಟಿನಲ್ಲಿ ಅದೇ ಚೀಟಿ ಓದಿಸಿಕೊಂಡರೆ ದೋಷ ಎಲ್ಲಿತ್ತೆಂಬುದಕ್ಕೆ ಒಂದು ಸುಳಿವು ಸಿಕ್ಕೀತು, ಅಷ್ಟೇ.

ಊರಿನ ಕೊಟ್ಟಿಗೆಯಲ್ಲಿಯೂ ಇದೇ ಚಿತ್ರ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ದನ, ಎಮ್ಮೆಗಳ ಕಿವಿಗೆ ಹನ್ನೆರಡು ಅಂಕಿಯ ಪ್ಲಾಸ್ಟಿಕ್ ಓಲೆ ಹಾಕತೊಡಗಿದರು. ಅದು ರೇಡಿಯೊ ಚೀಟಿಯಲ್ಲ, ಅಚ್ಚಾದ ಸಂಖ್ಯೆ ಮತ್ತು ಗೆರೆಸಂಕೇತವಷ್ಟೇ. ಆದರೂ ಜಾನುವಾರು ವಿಮೆಯಲ್ಲಿ ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ ಎಂಬ ಷರತ್ತು ಸಾಮಾನ್ಯ. ಬೇಲಿಗೆ ಸಿಕ್ಕಿ ಓಲೆ ಹರಿದುಬಿದ್ದರೆ ತನ್ನ ಹಸು ತನ್ನದೆಂದು ಸಾಬೀತುಪಡಿಸುವ ಹೊಣೆ ರೈತನ ಮೇಲೆ ಬೀಳುತ್ತದೆ.

ಹಳೆಯ ಕಡತವನ್ನು ಹೊಗಳಿ ಹೊಸ ಚೀಟಿಯನ್ನು ತೆಗಳುವುದು ಸರಿಯಾಗದು. ಕಡತವನ್ನೂ ಸಾಮಾನ್ಯ ರೈತ ಓದಲಾರನಾಗಿದ್ದ, ಅದನ್ನು ಒರೆಸಿದರೆ ಗುರುತು ಉಳಿಯುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಇಂದಿನ ಚೀಟಿ ಮೇಲು, ಅದನ್ನು ತಿದ್ದುವುದು ಸುಲಭವಲ್ಲ. ಆದರೆ ಕಡತ ಹಾಳಾದರೆ ಕಣ್ಣಿಗೆ ಕಾಣುತ್ತಿತ್ತು, ಹುಣಸೆ ಸರಿ ಬಳಿದು ದುರಸ್ತಿ ಮಾಡಲು ಬರುತ್ತಿತ್ತು. ಹೊಸ ಚೀಟಿ ಹಾಳಾದದ್ದು ಕಾಣದು, ದುರಸ್ತಿಯೂ ಇಲ್ಲ. ಆದ್ದರಿಂದ ಚೀಟಿಯ ಮುಖದ ಮೇಲೆ ಕಣ್ಣಿಗೆ ಕಾಣುವ ಸಂಖ್ಯೆಯೊಂದನ್ನು ಅಚ್ಚು ಹಾಕಿರುವುದು ಬರಿಯ ಅಲಂಕಾರವಲ್ಲ. ರೇಡಿಯೊ ಮೌನವಾದಾಗ ಮನುಷ್ಯ ಓದಬಹುದಾದ ಪದರ ಅದೊಂದೇ. ಗೇಟಿನಲ್ಲಿ ಆ ಸಂಖ್ಯೆಯನ್ನು ಓದಿ, ಖಾತೆ ನೋಡಿ, 2018ರ ನಿಯಮದಂತೆ ರಸೀದಿ ಕೊಡುವ ತಾಳ್ಮೆ ಇದ್ದರೆ ಬ್ಯಾಡಗಿಯ ಲಾರಿಯ ಚಾಲಕ ತನ್ನದಲ್ಲದ ದೋಷಕ್ಕೆ ದಂಡ ತೆರಬೇಕಾಗುವುದಿಲ್ಲ.